‘ನನಗೆ ಇಪ್ಪತ್ತು ವರ್ಷ’: ಫ್ರೆಂಚ್ ವ್ಯಾಕರಣದ ಗಂಟುಗಳನ್ನು ಕನ್ನಡದಲ್ಲಿ ಬಿಡಿಸುವುದು

ಬದಿಯಡ್ಕದ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ವಾರಕ್ಕೆ ಮೂರು ಸಂಜೆ ಫ್ರೆಂಚ್ ಪಾಠ ನಡೆಯುತ್ತದೆ. ಬರುವವರು ಐದಾರು ಮಂದಿ. ಎಲ್ಲರೂ ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದಿದವರು, ಮನೆಯಲ್ಲಿ ಹವ್ಯಕ ಕನ್ನಡವನ್ನೋ ತುಳುವನ್ನೋ ಆಡುವವರು, ಪೇಟೆಯಲ್ಲಿಯೂ ಕಚೇರಿಯಲ್ಲಿಯೂ ಮಲಯಾಳದಲ್ಲಿ ವ್ಯವಹರಿಸುವವರು. ಕೆನಡಾಕ್ಕೆ ಹೋಗಲು ಹೊರಟ ದಾದಿಯೊಬ್ಬರು ಮೊದಲ ವಾರ ತಮ್ಮ ನೋಟ್ ಪುಸ್ತಕದಲ್ಲಿ ‘ಝ ಸ್ವೀ ವ್ಯಾಂತಾಂ’ ಎಂದು ಬರೆದು ತಂದರು. ‘ನನಗೆ ಇಪ್ಪತ್ತು ವರ್ಷ’ ಎಂಬುದು ಅವರ ಮನಸ್ಸಿನಲ್ಲಿದ್ದ ಮಾತು. ಬರೆದದ್ದರ ಅರ್ಥ ‘ನಾನು ಇಪ್ಪತ್ತು ವರ್ಷ ಆಗಿದ್ದೇನೆ’ ಎಂದಾಯಿತು. ಸರಿಯಾದ ವಾಕ್ಯ ‘ಝೇ ವ್ಯಾಂತಾಂ’, ಅಂದರೆ ‘ನನ್ನಲ್ಲಿ ಇಪ್ಪತ್ತು ವರ್ಷಗಳಿವೆ’ ಎಂಬ ಧಾಟಿಯದು. ಇದನ್ನೇ ಕನ್ನಡದಲ್ಲಿ ಹೇಳಿ ಎಂದೆ. ‘ನನಗೆ ಇಪ್ಪತ್ತು ವರ್ಷ’ ಎಂದರು. ತುಳುವಿನಲ್ಲಿ? ‘ಎಂಕ್ ಇರ್ವ ವರ್ಸ’. ಮಲಯಾಳದಲ್ಲಿ? ‘ಎನಿಕ್ಕ್ ಇರುಪತ್ ವಯಸ್ಸ್’. ಅವರಿಗೆ ಬರುವ ಮೂರು ಮನೆಮಾತುಗಳಲ್ಲಿ ಒಂದರಲ್ಲಿಯೂ ‘ನಾನು ಇಪ್ಪತ್ತು ವರ್ಷ ಆಗಿದ್ದೇನೆ’ ಎಂಬ ರಚನೆ ಇಲ್ಲ. ಅದು ಬಂದದ್ದು ಇಂಗ್ಲಿಷಿನಿಂದ.

ಫ್ರೆಂಚ್ ಕಲಿಯುವ ಕನ್ನಡಿಗರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಹುಟ್ಟುವುದು ಹೀಗೆ ಇಂಗ್ಲಿಷನ್ನು ನಡುವೆ ನಿಲ್ಲಿಸಿಕೊಂಡದ್ದರಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಠ್ಯಪುಸ್ತಕಗಳು ಇಂಗ್ಲಿಷಿನಲ್ಲಿರುತ್ತವೆ, ವಿವರಣೆಯೂ ಇಂಗ್ಲಿಷಿನಲ್ಲಿರುತ್ತದೆ, ಆದ್ದರಿಂದ ಇಂಗ್ಲಿಷ್ ಬಲ್ಲವನಿಗೆ ಕಷ್ಟವಾದದ್ದೆಲ್ಲ ನಮಗೂ ಕಷ್ಟವೆಂದು ನಾವು ನಂಬುತ್ತೇವೆ. ಕನ್ನಡವನ್ನು ನೇರವಾಗಿ ಫ್ರೆಂಚಿನ ಪಕ್ಕದಲ್ಲಿಟ್ಟು ನೋಡಿದರೆ ಅನೇಕ ಗಂಟುಗಳು ತಾವಾಗಿ ಸಡಿಲಗೊಳ್ಳುತ್ತವೆ. ಕೆಲವು ಮಾತ್ರ ನಿಜವಾದ ಗಂಟುಗಳಾಗಿ ಉಳಿಯುತ್ತವೆ. ಕಾಸರಗೋಡಿನಿಂದ ಕೋಳಿಕ್ಕೋಡಿಗೆ ಹೋಗುವ ರೈಲು ಮಾಹೆಯ ಮೇಲೆ ಹಾದುಹೋಗುತ್ತದೆ. 1954ರವರೆಗೆ ಅಲ್ಲಿ ಆಡಳಿತದ ಭಾಷೆ ಫ್ರೆಂಚ್ ಆಗಿತ್ತು. ಇಷ್ಟು ಹತ್ತಿರ ಬಂದು ನಿಂತಿದ್ದ ಭಾಷೆಯನ್ನು ನಮ್ಮ ಭಾಷೆಯ ಮೂಲಕವೇ ನೋಡುವುದರಲ್ಲಿ ಅಸಹಜವಾದದ್ದೇನೂ ಇಲ್ಲ.

ಮುಂದೆ ಬರುವ ಫ್ರೆಂಚ್ ಪದಗಳನ್ನು ಕಿವಿಗೆ ಕೇಳುವಂತೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಮೂಗಿನಿಂದ ಹೊರಡುವ ಸ್ವರಕ್ಕೆ ಸೊನ್ನೆ ಹಾಕಿದ್ದೇನೆ. ‘ಲ’ ಎಂಬ ಹ್ರಸ್ವವು ಪುಲ್ಲಿಂಗದ, ‘ಲಾ’ ಎಂಬ ದೀರ್ಘವು ಸ್ತ್ರೀಲಿಂಗದ, ‘ಲೇ’ ಎಂಬುದು ಬಹುವಚನದ ಗುರುತು.

ವಯಸ್ಸಿನ ಮಾತಿಗೆ ಸೇರಿದ ಇನ್ನೂ ಕೆಲವು ಇವೆ. ಹಸಿವೆಯಾದಾಗ ‘ಝೇ ಫ್ಯಾಂ’, ಬಾಯಾರಿದಾಗ ‘ಝೇ ಸ್ವಾಫ್’, ಚಳಿಯಾದಾಗ ‘ಝೇ ಫ್ರ್ವಾ’. ಎಲ್ಲ ಕಡೆಯೂ ಹಸಿವೆ, ಬಾಯಾರಿಕೆ, ಚಳಿ ಎಂಬವು ನಾಮಪದಗಳು. ಅವು ನಮ್ಮಲ್ಲಿ ಇರುತ್ತವೆಯೇ ಹೊರತು ನಾವು ಅವು ಆಗುವುದಿಲ್ಲ. ‘ನನಗೆ ಚಳಿ’ ಎನ್ನುವ ಕನ್ನಡಿಗನಿಗೆ ಇದು ಹೊಸ ವಿಚಾರವಲ್ಲ. ಹಾಗೆಯೇ ‘ಹಾಡು ಕೇಳುತ್ತೇನೆ’, ‘ಚಿತ್ರ ನೋಡುತ್ತೇನೆ’, ‘ಬೀಗದ ಕೈ ಹುಡುಕುತ್ತೇನೆ’ ಎನ್ನುವಾಗ ನಾವು ಕರ್ಮಪದವನ್ನು ಕ್ರಿಯಾಪದಕ್ಕೆ ನೇರವಾಗಿ ಜೋಡಿಸುತ್ತೇವೆ. ಫ್ರೆಂಚಿನ ಎಕೂತೇ, ರಗಾರ್ದೇ, ಶೆರ್ಶೇ ಎಂಬ ಕ್ರಿಯಾಪದಗಳೂ ಹಾಗೆಯೇ ಮಾಡುತ್ತವೆ. ನಡುವೆ ಒಂದು ಉಪಸರ್ಗ ಬೇಕೆಂಬ ಅನುಮಾನ ಬರುವುದು ಇಂಗ್ಲಿಷನ್ನು ನೆನೆದವರಿಗೆ ಮಾತ್ರ. ‘ಐದು ವರ್ಷದಿಂದ ಇಲ್ಲಿದ್ದೇನೆ’ ಎಂಬಲ್ಲಿ ನಾವು ವರ್ತಮಾನ ಕಾಲವನ್ನೇ ಬಳಸುತ್ತೇವೆ, ಏಕೆಂದರೆ ಇರುವುದು ಇನ್ನೂ ಮುಗಿದಿಲ್ಲ. ಫ್ರೆಂಚಿನವರೂ ‘ಝಾಬೀತ್ ಇಸೀ ದಪ್ವೀ ಸ್ಯಾಂಕಾಂ’ ಎಂದು ವರ್ತಮಾನದಲ್ಲಿಯೇ ಹೇಳುತ್ತಾರೆ. ‘ದಪ್ವೀ’ ಎಂಬುದು ನಮ್ಮ ‘ಇಂದ’ ಮಾಡುವ ಕೆಲಸವನ್ನೇ ಮಾಡುತ್ತದೆ.

ಬರೆದದ್ದೊಂದು, ಓದುವುದೊಂದು ಏಕೆ ಎಂಬುದು ಎಲ್ಲರ ಎರಡನೆಯ ಪ್ರಶ್ನೆ. ಪದದ ಕೊನೆಯ ವ್ಯಂಜನವನ್ನು ಸಾಮಾನ್ಯವಾಗಿ ಉಚ್ಚರಿಸುವುದಿಲ್ಲ, ಆದರೆ ಮುಂದಿನ ಪದ ಸ್ವರದಿಂದ ಆರಂಭವಾದರೆ ಅದೇ ವ್ಯಂಜನ ಎದ್ದು ನಿಲ್ಲುತ್ತದೆ ಎಂದು ಕೇಳಿದಾಗ ವಿದ್ಯಾರ್ಥಿಗಳ ಮುಖ ಬಾಡುತ್ತದೆ. ಆಗ ನಾನು ಶಾಲೆಯ ಸಂಧಿಪ್ರಕರಣವನ್ನು ನೆನಪಿಸುತ್ತೇನೆ. ಎರಡು ಸ್ವರಗಳು ಎದುರಾದಾಗ ಕನ್ನಡವು ಎರಡು ಉಪಾಯ ಮಾಡುತ್ತದೆ: ಮೊದಲ ಸ್ವರವನ್ನು ಬಿಟ್ಟುಬಿಡುತ್ತದೆ, ‘ಮಾತು’ ‘ಇಲ್ಲ’ ಸೇರಿ ‘ಮಾತಿಲ್ಲ’ ಆದಂತೆ, ಇಲ್ಲವೇ ನಡುವೆ ಒಂದು ವ್ಯಂಜನವನ್ನು ತರುತ್ತದೆ, ‘ಮನೆ’ ‘ಅನ್ನು’ ಸೇರಿ ‘ಮನೆಯನ್ನು’ ಆದಂತೆ. ಮೊದಲನೆಯದು ಲೋಪ, ಎರಡನೆಯದು ಆಗಮ. ಫ್ರೆಂಚಿನಲ್ಲಿ ‘ಲ’ ಮತ್ತು ‘ಅಮೀ’ (ಗೆಳೆಯ) ಸೇರಿ ‘ಲಾಮೀ’ ಆಗುವುದು ಸಾಕ್ಷಾತ್ ಲೋಪಸಂಧಿ. ‘ಅವನಲ್ಲಿ ಇದೆಯೇ’ ಎಂದು ಕೇಳುವಾಗ ‘ಆ’ ಮತ್ತು ‘ಈಲ್’ ನಡುವೆ ಎಲ್ಲಿಯೂ ಇಲ್ಲದ ಒಂದು ತಕಾರ ಬಂದು ‘ಆತೀಲ್’ ಆಗುವುದು ಆಗಮಸಂಧಿ. ನಮ್ಮ ಯಕಾರ ವಕಾರಗಳ ಸ್ಥಾನದಲ್ಲಿ ಅವರದು ತಕಾರ. ‘ಲೇ’ ಮತ್ತು ‘ಅಮೀ’ ಸೇರಿ ‘ಲೇಜ಼ಾಮೀ’ ಆಗುವಲ್ಲಿ ಹೊಸ ವ್ಯಂಜನ ಹುಟ್ಟಿದ್ದಲ್ಲ, ಹಿಂದೊಮ್ಮೆ ಎಲ್ಲ ಕಡೆ ಉಚ್ಚಾರವಾಗುತ್ತಿದ್ದ ಸಕಾರವು ಸ್ವರದ ಆಸರೆ ಸಿಕ್ಕಲ್ಲಿ ಮಾತ್ರ ಉಳಿದುಕೊಂಡದ್ದು. ಇದೇ ಕಾರಣಕ್ಕೆ ‘ನನ್ನ ಗೆಳತಿ’ ಎನ್ನಲು ಸ್ತ್ರೀಲಿಂಗದ ‘ಮಾ’ ಬಿಟ್ಟು ಪುಲ್ಲಿಂಗದ ‘ಮೋಂ’ ತಂದು ‘ಮೋನಾಮೀ’ ಎನ್ನುತ್ತಾರೆ. ಲಿಂಗ ತಪ್ಪಿದರೂ ಚಿಂತೆಯಿಲ್ಲ, ಎರಡು ಸ್ವರಗಳು ಢಿಕ್ಕಿ ಹೊಡೆಯಬಾರದು.

ಸಂಧಿ ಆಗಬಾರದ ಸ್ಥಳಗಳೂ ಇವೆ. ‘ವೀರ’ ಎಂಬರ್ಥದ ‘ಏರೋ’ ಪದದ ಬರವಣಿಗೆಯಲ್ಲಿ ಮೊದಲಿಗೆ ಒಂದು ಹಕಾರವಿದೆ; ಅದು ಕೇಳುವುದಿಲ್ಲ, ಆದರೆ ಗೋಡೆಯಂತೆ ನಿಂತು ಸಂಧಿಯನ್ನು ತಡೆಯುತ್ತದೆ. ‘ಲ ಏರೋ’, ‘ಲೇ ಏರೋ’ ಎಂದು ಬಿಡಿಸಿಯೇ ಹೇಳಬೇಕು. ಸಂಧಿ ಮಾಡಿದರೆ ವೀರರು ‘ಲೇಜ಼ೇರೋ’, ಅಂದರೆ ಸೊನ್ನೆಗಳಾಗಿಬಿಡುತ್ತಾರೆ. ಅದೇ ಪದದ ಸ್ತ್ರೀರೂಪದಲ್ಲಿ ಮಾತ್ರ ಗೋಡೆ ಇಲ್ಲ. ‘ಲೆರೊಯೀನ್’ ಎಂದು ಕೂಡಿಸಿಯೇ ಹೇಳುತ್ತಾರೆ. ಇಂಥ ಹಕಾರದ ಪದಗಳನ್ನು ನಿಘಂಟಿನಲ್ಲಿ ನೋಡಿ ನೆನಪಿಡುವುದೇ ದಾರಿ.

ಇನ್ನು ಲಿಂಗ. ಮೇಜು ಹೆಣ್ಣೇಕೆ, ಪುಸ್ತಕ ಗಂಡೇಕೆ? ಇದು ನಿಜವಾದ ಗಂಟು, ಇಲ್ಲಿ ಕನ್ನಡ ನೇರವಾಗಿ ನೆರವಾಗುವುದಿಲ್ಲ. ನಮ್ಮಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ: ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಉಳಿದದ್ದು ನಪುಂಸಕ. ಫ್ರೆಂಚಿನಲ್ಲಿ ನಪುಂಸಕವೇ ಇಲ್ಲ. ಪ್ರತಿಯೊಂದು ನಾಮಪದವೂ ‘ಲ’ ಅಥವಾ ‘ಲಾ’ ಎಂಬ ಎರಡು ಗುಂಪುಗಳಲ್ಲಿ ಒಂದಕ್ಕೆ ಸೇರಲೇಬೇಕು. ಆದರೆ ಅದು ಗಂಡು ಹೆಣ್ಣುಗಳ ವಿಚಾರವಲ್ಲ, ಪದಗಳನ್ನು ಎರಡು ಸಾಲಿನಲ್ಲಿ ನಿಲ್ಲಿಸಿದ ವಿಚಾರ. ‘ವಿಕ್ತೀಮ್’ ಎಂದರೆ ಅನಾಹುತಕ್ಕೆ ಸಿಕ್ಕಿದವರು. ಸಿಕ್ಕಿದವನು ಗಂಡಸಾದರೂ ಪದ ಸ್ತ್ರೀಲಿಂಗವೇ. ವ್ಯಾಕರಣದ ಲಿಂಗವೂ ಲೋಕದ ಲಿಂಗವೂ ಬೇರೆಯಾಗಬಹುದೆಂಬುದಕ್ಕೆ ನಮ್ಮ ಊರಿನಲ್ಲಿಯೇ ಸಾಕ್ಷ್ಯವಿದೆ: ಹವ್ಯಕರ ಮನೆಮಾತಿನಲ್ಲಿ ಹೆಂಗಸರನ್ನು ಕುರಿತು ‘ಅದು’ ಎಂದು ಹೇಳುವ ರೂಢಿಯಿದೆ, ಅದರಲ್ಲಿ ಅಗೌರವ ಕಿಂಚಿತ್ತೂ ಇಲ್ಲ. ಇದನ್ನು ಹೇಳಿದ ದಿನ ಹವ್ಯಕ ಮನೆಯ ಇಬ್ಬರು ವಿದ್ಯಾರ್ಥಿಗಳು ಮುಖ ಮುಖ ನೋಡಿಕೊಂಡರು. ದಿನವೂ ಆಡುವ ಮಾತನ್ನು ಅವರು ಎಂದೂ ಹೀಗೆ ಕೇಳಿಸಿಕೊಂಡಿರಲಿಲ್ಲ.

ಹಾಗಾದರೆ ಯಾವ ಪದ ಯಾವ ಸಾಲಿಗೆ ಎಂಬುದು ಕುರುಡು ಲೆಕ್ಕವೇ? ಪೂರ್ತಿ ಅಲ್ಲ. ಪದದ ಅಂತ್ಯವು ಬಹಳಷ್ಟನ್ನು ಹೇಳುತ್ತದೆ. ‘ಸ್ಯೋಂ’ ಎಂದು ಮುಗಿಯುವ ನಾಸ್ಯೋಂ, ಸ್ತಾಸ್ಯೋಂ ಮುಂತಾದವೂ ‘ತೇ’ ಎಂದು ಮುಗಿಯುವ ಲಿಬೆರ್ತೇ, ಬೋತೇ ಮುಂತಾದ ಭಾವನಾಮಗಳೂ ಸ್ತ್ರೀಲಿಂಗ. ‘ಮಾಂ’ ಎಂದು ಮುಗಿಯುವ ಗುವೆರ್ನಮಾಂ, ದೋಣಿ ಎಂಬರ್ಥದ ಬಾತೋ, ‘ಆಝ್’ ಎಂದು ಮುಗಿಯುವ ವ್ವಾಯಾಝ್, ವಿಲಾಝ್ ಪುಲ್ಲಿಂಗ. ಇಲ್ಲಿಯೇ ಒಂದು ಒಳ್ಳೆಯ ಪ್ರಶ್ನೆ ಏಳುತ್ತದೆ: ಹಳ್ಳಿ ‘ಲ ವಿಲಾಝ್’ ಆದರೆ ಕಡಲ ತೀರ ‘ಲಾ ಪ್ಲಾಝ್’ ಹೇಗಾಯಿತು? ಬೇಕಲದ ಹಳ್ಳಿ ಗಂಡು, ಬೇಕಲದ ತೀರ ಹೆಣ್ಣು, ಅಂತ್ಯ ಎರಡಕ್ಕೂ ಒಂದೇ. ಉತ್ತರ ಪದಗಳ ಹುಟ್ಟಿನಲ್ಲಿದೆ. ವಿಲಾಝ್, ವ್ವಾಯಾಝ್, ಫ್ರೊಮಾಝ್ ಪದಗಳಲ್ಲಿರುವ ‘ಆಝ್’ ಒಂದು ಪ್ರತ್ಯಯ; ಅದು ಲ್ಯಾಟಿನ್ನಿನ ನಪುಂಸಕ ಪ್ರತ್ಯಯವೊಂದರಿಂದ ಇಳಿದು ಬಂದದ್ದು, ನಪುಂಸಕಗಳು ಬಹುಮಟ್ಟಿಗೆ ಪುಲ್ಲಿಂಗದಲ್ಲಿ ಕರಗಿಹೋದವು. ಪ್ಲಾಝ್, ಪಾಝ್ (ಪುಟ), ಇಮಾಝ್ (ಚಿತ್ರ), ಕಾಝ್ (ಪಂಜರ) ಪದಗಳಲ್ಲಿ ಆ ಪ್ರತ್ಯಯವೇ ಇಲ್ಲ. ಪಾಝ್ ಬಂದದ್ದು ‘ಪಾಗಿನಾ’ ಎಂಬ ಸ್ತ್ರೀಲಿಂಗ ಪದದಿಂದ. ಸವೆದು ಸವೆದು ಕೊನೆಯ ಸದ್ದು ಮಾತ್ರ ಒಂದೇ ಆಗಿ ಕೇಳುತ್ತದೆ. ಅಪವಾದವೆಂದು ಪಟ್ಟಿ ಮಾಡಿದ್ದು ಹೀಗೆ ಅನೇಕ ವೇಳೆ ಬೇರೊಂದು ಕುಲದ ಪದವಾಗಿರುತ್ತದೆ. ಇದಕ್ಕೆ ವಿರುದ್ಧವಾಗಿ ಲ್ಯಾಟಿನ್ನಿನ ‘ಫೋಲಿಯಾ’, ಅಂದರೆ ‘ಎಲೆಗಳು’, ನಪುಂಸಕ ಬಹುವಚನವಾಗಿದ್ದರೂ ಕೊನೆಯ ಆಕಾರದಿಂದಾಗಿ ಸ್ತ್ರೀಲಿಂಗ ಏಕವಚನದಂತೆ ಕೇಳಿ ‘ಲಾ ಫೋಯ್’ ಎಂಬ ಸ್ತ್ರೀಲಿಂಗವಾಯಿತು.

ತೋಟದ ನಡುವೆ ಬೆಳೆದವರಿಗೆ ನೆನಪಿಡಲು ಸುಲಭವಾದ ಒಂದು ಗುಂಪಿದೆ. ಹಣ್ಣು ಅಥವಾ ಕಾಯಿ ಹೆಚ್ಚಾಗಿ ಸ್ತ್ರೀಲಿಂಗ, ಅದನ್ನು ಬಿಡುವ ಮರ ಪುಲ್ಲಿಂಗ. ಮಾವಿನಹಣ್ಣು ‘ಲಾ ಮಾಂಗ್’, ಮಾವಿನ ಮರ ‘ಲ ಮಾಂಗಿಯೇ’. ಬಾಳೆಹಣ್ಣು ‘ಲಾ ಬನಾನ್’, ಬಾಳೆಗಿಡ ‘ಲ ಬನಾನಿಯೇ’. ತೆಂಗಿನಕಾಯಿ ‘ಲಾ ನ್ವಾ ದ ಕೊಕೋ’, ತೆಂಗಿನ ಮರ ‘ಲ ಕೊಕೋತಿಯೇ’. ಅಡಿಕೆ ‘ಲಾ ನ್ವಾ ದಾರೆಕ್’. ನಿಂಬೆಹಣ್ಣು ‘ಲ ಸಿತ್ರೋಂ’, ಕರಿಮೆಣಸು ‘ಲ ಪ್ವಾವ್ರ್’ ಎಂದು ಪುಲ್ಲಿಂಗವಾಗಿ ಬೇರೆ ನಿಲ್ಲುತ್ತವೆ. ನಾಮಪದವನ್ನು ಒಂಟಿಯಾಗಿ ಬರೆದುಕೊಳ್ಳುವ ಅಭ್ಯಾಸವನ್ನು ಮೊದಲ ದಿನವೇ ಬಿಡಬೇಕು. ‘ಮಾಂಗ್’ ಎಂದು ಬರೆದುಕೊಂಡವನು ಅರ್ಧ ಪದವನ್ನಷ್ಟೇ ಕಲಿತಿರುತ್ತಾನೆ. ಲಿಂಗ ತಿಳಿಯದಿದ್ದರೆ ಗುಣವಾಚಕವೂ ಕೆಡುತ್ತದೆ, ಏಕೆಂದರೆ ಕನ್ನಡದ ‘ಹಸುರು’ ಎಲ್ಲ ನಾಮಪದಗಳ ಮುಂದೆಯೂ ಹಸುರಾಗಿಯೇ ಉಳಿದರೆ ಫ್ರೆಂಚಿನ ‘ವೇರ್’ ಸ್ತ್ರೀಲಿಂಗದ ಜೊತೆ ‘ವೆರ್ತ್’ ಆಗುತ್ತದೆ. ಅದು ನಿಲ್ಲುವ ಸ್ಥಳವೂ ಸಾಮಾನ್ಯವಾಗಿ ನಾಮಪದದ ನಂತರ.

‘ಲ’, ‘ಲಾ’ಗಳ ಜೊತೆಗೆ ‘ದ್ಯೂ’, ‘ದ ಲಾ’ ಎಂಬ ಇನ್ನೊಂದು ಜೋಡಿ ಇದೆ. ‘ಅನ್ನ ಉಣ್ಣುತ್ತೇನೆ’ ಎನ್ನಲು ‘ಝ ಮಾಂಝ್ ದ್ಯೂ ರೀ’, ‘ಅನ್ನ ನನಗೆ ಇಷ್ಟ’ ಎನ್ನಲು ‘ಝೆಮ್ ಲ ರೀ’. ಎರಡು ಕಡೆಯೂ ಅನ್ನವೇ ಆಗಿರುವಾಗ ಒಮ್ಮೆ ‘ದ್ಯೂ’, ಒಮ್ಮೆ ‘ಲ’ ಏಕೆ? ಉಣ್ಣುವಾಗ ಲೋಕದ ಅನ್ನವನ್ನೆಲ್ಲ ಉಣ್ಣುವುದಿಲ್ಲ, ಅದರಲ್ಲಿ ಒಂದಿಷ್ಟನ್ನು ಉಣ್ಣುತ್ತೇವೆ. ಆ ಒಂದಿಷ್ಟು ಎಂಬುದೇ ‘ದ್ಯೂ’. ಇಷ್ಟಪಡುವಾಗ ಅನ್ನ ಎಂಬ ವಸ್ತುವನ್ನೇ ಇಡಿಯಾಗಿ ಇಷ್ಟಪಡುತ್ತೇವೆ, ಅದಕ್ಕೆ ‘ಲ’. ಕನ್ನಡದಲ್ಲಿ ಇಂಥ ಪದಗಳಿಲ್ಲ ಎಂದು ಸುಮ್ಮನಾಗಬೇಕಾಗಿಲ್ಲ. ‘ನೀರು ಕುಡಿದೆ’ ಎಂಬುದಕ್ಕೂ ‘ನೀರನ್ನು ಕುಡಿದೆ’ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಕಿವಿಗೊಟ್ಟು ಕೇಳಿ. ಮೊದಲನೆಯದರಲ್ಲಿ ಯಾವ ನೀರು, ಎಷ್ಟು ನೀರು ಎಂಬ ವಿಚಾರವಿಲ್ಲ. ಎರಡನೆಯದರಲ್ಲಿ ಚೊಂಬಿನಲ್ಲಿಟ್ಟಿದ್ದ, ಮಾತಿನಲ್ಲಿ ಈಗಾಗಲೇ ಬಂದಿದ್ದ ಆ ನೀರು ಕಣ್ಣಿಗೆ ಕಟ್ಟುತ್ತದೆ. ಫ್ರೆಂಚಿನಲ್ಲಿ ಮೊದಲನೆಯದು ‘ಝೇ ಬ್ಯೂ ದ ಲೋ’, ಎರಡನೆಯದು ‘ಝೇ ಬ್ಯೂ ಲೋ’. ಆಡುಮಾತಿನಲ್ಲಿ ದ್ವಿತೀಯಾ ವಿಭಕ್ತಿಯ ಪ್ರತ್ಯಯವನ್ನು ಇಟ್ಟೂ ಬಿಟ್ಟೂ ನಾವು ತೋರಿಸುವ ಭೇದವನ್ನೇ ಅವರು ನಾಮಪದದ ಮುಂದಿನ ಚಿಕ್ಕ ಪದದಿಂದ ತೋರಿಸುತ್ತಾರೆ. ಈ ಹೋಲಿಕೆಗೆ ಮಿತಿಯಿದೆ: ‘ಅನ್ನ ನನಗೆ ಇಷ್ಟ’ ಎಂಬಲ್ಲಿ ನಮಗೆ ಯಾವ ಗುರುತೂ ಬೇಡ, ಅವರಿಗೆ ‘ಲ’ ಬೇಕೇ ಬೇಕು. ನಿಷೇಧದಲ್ಲಿ ‘ದ್ಯೂ’ ಕುಗ್ಗಿ ಬರಿಯ ‘ದ’ ಆಗುತ್ತದೆ, ‘ಝ ನ ಮಾಂಝ್ ಪಾ ದ ರೀ’. ಇಲ್ಲದ ಅನ್ನಕ್ಕೆ ಒಂದಿಷ್ಟು ಎಂಬ ಅಳತೆ ಎಲ್ಲಿಂದ ಬರಬೇಕು? ಇಷ್ಟದ ‘ಲ’ ಮಾತ್ರ ನಿಷೇಧದಲ್ಲಿಯೂ ಬದಲಾಗುವುದಿಲ್ಲ.

ಕ್ರಿಯಾಪದದ ರೂಪಗಳ ಪಟ್ಟಿ ನೋಡಿ ಹೆದರುವವರಿಗೆ ನಾನು ಹೇಳುವುದು ಒಂದೇ: ಕನ್ನಡದ ‘ಬಂದೆನು, ಬಂದೆ, ಬಂದನು, ಬಂದಳು, ಬಂದಿತು, ಬಂದೆವು, ಬಂದಿರಿ, ಬಂದರು, ಬಂದವು’ ಕಲಿತವರಿಗೆ ಫ್ರೆಂಚಿನ ಆರು ರೂಪಗಳು ಭಾರವಲ್ಲ. ಮಲಯಾಳದಲ್ಲಿ ಞಾನ್, ನೀ, ಅವನ್, ಅವಳ್ ಯಾರಾದರೂ ‘ವನ್ನು’ ಒಂದೇ. ಅಲ್ಲಿ ಕ್ರಿಯಾಪದ ಕರ್ತೃವನ್ನು ಹೇಳುವುದೇ ಇಲ್ಲ. ಫ್ರೆಂಚ್ ಈ ಎರಡರ ನಡುವೆ ನಿಲ್ಲುತ್ತದೆ. ಬರವಣಿಗೆಯಲ್ಲಿ ಅದು ಕನ್ನಡದಂತೆ ರೂಪ ಬದಲಿಸುತ್ತದೆ, ಕಿವಿಗೆ ಮಾತ್ರ ಮಲಯಾಳದ ಹತ್ತಿರ ಬರುತ್ತದೆ: ‘ಝ ಪಾರ್ಲ್, ತ್ಯೂ ಪಾರ್ಲ್, ಇಲ್ ಪಾರ್ಲ್’ ಎಂದು ನಾನು, ನೀನು, ಅವನು, ಅವರು ನಾಲ್ವರಿಗೂ ಸದ್ದು ಒಂದೇ, ‘ನೂ ಪಾರ್ಲೋಂ’, ‘ವೂ ಪಾರ್ಲೇ’ ಮಾತ್ರ ಬೇರೆ. ಆದ್ದರಿಂದಲೇ ನಾವು ‘ಬಂದೆ’ ಎಂದಷ್ಟೇ ಹೇಳಿ ಸರ್ವನಾಮವನ್ನು ಬಿಡುವಂತೆ ಅವರು ಬಿಡಲಾರರು. ಬಿಟ್ಟರೆ ಮಾತನಾಡಿದವರು ಯಾರೆಂದು ತಿಳಿಯುವುದಿಲ್ಲ.

‘ತ್ಯೂ’ ಮತ್ತು ‘ವೂ’ ಎಂಬವು ‘ನೀನು’, ‘ನೀವು’ಗಳೇ, ಅದನ್ನು ವಿವರಿಸುವ ಅಗತ್ಯ ನಮಗಿಲ್ಲ. ಎಡವುವುದು ಮನೆಯೊಳಗೆ. ಅಜ್ಜನಿಗೂ ದೊಡ್ಡಪ್ಪನಿಗೂ ‘ನೀವು’ ಎನ್ನುವ ನಾವು ಅಲ್ಲಿಯೂ ‘ವೂ’ ಎಂದರೆ ಅದು ಗೌರವವಾಗಿ ಅಲ್ಲ, ದೂರವಾಗಿ ಕೇಳುತ್ತದೆ, ಏಕೆಂದರೆ ಇಂದಿನ ಫ್ರೆಂಚ್ ಕುಟುಂಬಗಳಲ್ಲಿ ಸಾಮಾನ್ಯವಾಗಿ ಎಲ್ಲರೂ ಎಲ್ಲರಿಗೂ ‘ತ್ಯೂ’. ಅಂಗಡಿಯವನಿಗೆ, ಗುರುತಿಲ್ಲದ ವಯಸ್ಕರಿಗೆ, ಅಧಿಕಾರಿಗೆ ‘ವೂ’.

ಭೂತಕಾಲಕ್ಕೆ ಬರೋಣ; ಇಂಗ್ಲಿಷ್ ಪುಸ್ತಕಗಳು ಅಧ್ಯಾಯಗಟ್ಟಲೆ ವಿವರಿಸುವ ವಿಷಯ ಇದು, ಕನ್ನಡಿಗರಿಗೆ ಅಷ್ಟು ಬೇಕಾಗಿಲ್ಲ. ಮಾತಿನಲ್ಲಿ ಬಳಕೆಯಾಗುವ ಭೂತಕಾಲಗಳು ಮುಖ್ಯವಾಗಿ ಎರಡು. ಒಂದು, ನಡೆದು ಮುಗಿದ ಘಟನೆಯನ್ನು ಹೇಳುವುದು. ಇನ್ನೊಂದು, ನಡೆಯುತ್ತಿದ್ದುದನ್ನು, ರೂಢಿಯಾಗಿದ್ದುದನ್ನು ಹೇಳುವುದು. ನಮ್ಮ ‘ಹೋದೆ’ ಮತ್ತು ‘ಹೋಗುತ್ತಿದ್ದೆ’ ಇವೇ ಆ ಎರಡು. ‘ನಿನ್ನೆ ಚಂದ್ರಗಿರಿ ಹೊಳೆಗೆ ಹೋದೆ’ ಎನ್ನುವಾಗ ‘ಝ ಸ್ವೀಜ಼ಾಲೇ’. ‘ಚಿಕ್ಕಂದಿನಲ್ಲಿ ಹೊಳೆಗೆ ಹೋಗುತ್ತಿದ್ದೆ’ ಎನ್ನುವಾಗ ‘ಝಾಲೇ’. ‘ನಾನು ಹೋಗುತ್ತಿದ್ದೆ, ದಾರಿಯಲ್ಲಿ ಮಳೆ ಬಂತು’ ಎನ್ನುವಾಗಲೂ ಅದೇ ‘ಝಾಲೇ’. ರೂಢಿಗೊಂದು, ನಡೆಯುತ್ತಿದ್ದ ಕೆಲಸಕ್ಕೊಂದು ಎಂದು ಇಂಗ್ಲಿಷ್ ಎರಡು ರೂಪಗಳನ್ನು ಇಟ್ಟುಕೊಂಡಿದೆ. ಕನ್ನಡದ ‘ಉತ್ತಿದ್ದೆ’ ಎರಡನ್ನೂ ಒಂದರಲ್ಲಿ ಹಿಡಿಯುತ್ತದೆ, ಫ್ರೆಂಚಿನ ರೂಪವೂ ಹಾಗೆಯೇ. ‘ಅವನಿಗೆ ಗೊತ್ತಿತ್ತು’ ಎಂಬುದು ‘ಇಲ್ ಸಾವೇ’, ‘ಅವನಿಗೆ ಗೊತ್ತಾಯಿತು’ ಎಂಬುದು ‘ಇಲಾ ಸ್ಯೂ’. ‘ಇತ್ತು’, ‘ಆಯಿತು’ಗಳ ನಡುವಿನ ಈ ಸೂಕ್ಷ್ಮವನ್ನು ನಾವು ಯೋಚಿಸದೆಯೇ ಪಾಲಿಸುತ್ತೇವೆ.

ಕನ್ನಡ ಕೈಕೊಡುವ ಸ್ಥಳ ಒಂದಿದೆ. ‘ಮಂಗಳೂರಿನಲ್ಲಿ ಐದು ವರ್ಷ ಇದ್ದೆ’, ‘ಆ ಕಾಲದಲ್ಲಿ ಮಂಗಳೂರಿನಲ್ಲಿದ್ದೆ’ ಎಂಬ ಎರಡರಲ್ಲಿಯೂ ನಾವು ‘ಇದ್ದೆ’ ಎಂದೇ ಹೇಳುತ್ತೇವೆ. ಫ್ರೆಂಚ್ ಹಾಗೆ ಬಿಡುವುದಿಲ್ಲ. ಐದು ವರ್ಷ ಎಂದು ಮೊದಲು ಕೊನೆಗಳಿಗೆ ಬೇಲಿ ಹಾಕಿದ ಮೇಲೆ ಅದು ಮುಗಿದ ಘಟನೆ, ಆದ್ದರಿಂದ ‘ಝೇ ಆಬೀತೇ’. ಬೇಲಿಯಿಲ್ಲದ ಎರಡನೆಯದಕ್ಕೆ ‘ಝಾಬೀತೇ’. ನನ್ನ ವಿದ್ಯಾರ್ಥಿಗಳು ಅತಿ ಹೆಚ್ಚು ತಪ್ಪುವುದು ಇಲ್ಲಿ, ಮತ್ತು ಈ ತಪ್ಪು ಕನ್ನಡದ್ದೇ.

ಮುಗಿದ ಘಟನೆಯ ಭೂತಕಾಲವನ್ನು ಸಹಾಯಕ ಕ್ರಿಯಾಪದದಿಂದ ಕಟ್ಟುತ್ತಾರೆ. ಹೆಚ್ಚಿನ ಕ್ರಿಯೆಗಳಿಗೆ ‘ಆವ್ವಾರ್’ (ಹೊಂದಿರು), ಕೆಲವಕ್ಕೆ ‘ಎತ್ರ್’ (ಇರು). ಆ ಕೆಲವು ಯಾವುವು ಎಂಬುದು ಎಲ್ಲರ ಪ್ರಶ್ನೆ. ‘ಬಂದಿದ್ದೇನೆ’ ಎಂಬುದನ್ನು ಬಿಡಿಸಿದರೆ ‘ಬಂದು ಇದ್ದೇನೆ’; ‘ಝ ಸ್ವೀ ವನ್ಯೂ’ ಅಕ್ಷರಶಃ ಇದೇ. ಕನ್ನಡವು ಎಲ್ಲ ಕ್ರಿಯೆಗಳಿಗೂ ‘ಇರು’ ಸೇರಿಸುತ್ತದೆ, ಫ್ರೆಂಚ್ ಅದನ್ನು ಹೋಗು, ಬರು, ತಲುಪು, ಹೊರಡು, ಹತ್ತು, ಇಳಿ, ಬೀಳು, ಹುಟ್ಟು, ಸಾಯು ಮುಂತಾದ ಸುಮಾರು 15 ಕ್ರಿಯೆಗಳಿಗೆ ಸೀಮಿತಗೊಳಿಸಿದೆ. ಚಲನೆಯ ಕ್ರಿಯೆಗಳು ಎಂದು ಪಾಠ ಹೇಳುವುದುಂಟು, ಅದು ಸಾಲದು. ನಡೆ, ಓಡು, ಈಜು ಎಂಬವೂ ಚಲನೆಗಳೇ, ಅವಕ್ಕೆ ‘ಆವ್ವಾರ್’ ಬರುತ್ತದೆ. ನಡೆ, ಓಡು ಎಂಬವು ಹೇಗೆ ಚಲಿಸಿದೆ ಎಂಬುದನ್ನು ಹೇಳುತ್ತವೆ. ಹೋಗು, ಬೀಳು, ಹುಟ್ಟು ಎಂಬವು ಒಂದು ನೆಲೆಯಿಂದ ಇನ್ನೊಂದು ನೆಲೆಗೆ ದಾಟಿದ್ದನ್ನು ಹೇಳುತ್ತವೆ. ದಾಟಿದವನು ಈಗ ಆ ನೆಲೆಯಲ್ಲಿ ಇದ್ದಾನೆ, ಆದ್ದರಿಂದ ‘ಇರು’. ಈ ತರ್ಕಕ್ಕೆ ಒಗ್ಗದೆ ಪಟ್ಟಿಯಲ್ಲಿ ಉಳಿದಿರುವುದು ‘ರೆಸ್ತೇ’ (ಉಳಿ) ಒಂದೇ ಎನ್ನಬಹುದು.

ಇವುಗಳಲ್ಲಿ ಕೆಲವು ಎರಡೂ ಸಹಾಯಕಗಳನ್ನು ತೆಗೆದುಕೊಳ್ಳುತ್ತವೆ. ‘ಝ ಸ್ವೀ ಮೋಂತೇ’ ಎಂದರೆ ಹತ್ತಿದೆ. ‘ಝೇ ಮೋಂತೇ ಲಾ ವಲೀಜ಼್’ ಎಂದರೆ ಪೆಟ್ಟಿಗೆಯನ್ನು ಹತ್ತಿಸಿದೆ. ‘ಝ ಸ್ವೀ ದೆಸಾಂದ್ಯೂ’ ಇಳಿದೆ, ‘ಝೇ ದೆಸಾಂದ್ಯೂ ಲಾ ವಲೀಜ಼್’ ಇಳಿಸಿದೆ. ನಾವು ‘ಇಸು’ ಪ್ರತ್ಯಯ ಹಚ್ಚಿ ಮಾಡುವುದನ್ನು ಅವರು ಸಹಾಯಕವನ್ನು ಬದಲಿಸಿ ಮಾಡುತ್ತಾರೆ. ಆದರೂ ‘ಮೆಟ್ಟಿಲು ಹತ್ತಿದೆ’ ಎಂಬಲ್ಲಿ ನಮಗೆ ‘ಇಸು’ ಬೇಡ, ಅವರಿಗೆ ‘ಝೇ’ ಬೇಕು. ಮೆಟ್ಟಿಲು ಕರ್ಮಪದವಾಗಿ ನಿಂತಿದೆಯಲ್ಲ. ನಿಯಮವನ್ನು ಹೀಗೆ ಹಿಡಿಯುವುದು ಕ್ಷೇಮ: ಕರ್ಮಪದ ಕಂಡರೆ ‘ಆವ್ವಾರ್’.

ಸಹಾಯಕದ ಮಾತು ಬಂದಾಗ ಬಹಳ ಜನ ಕೇಳುವ ‘ಮ’, ‘ತ’, ‘ಸ’ ಎಂಬ ಚಿಕ್ಕ ಪದಗಳ ವಿಚಾರವನ್ನೂ ಹೇಳಬೇಕು. ‘ಲವೇ’ ಎಂದರೆ ತೊಳೆ, ‘ಸ ಲವೇ’ ಎಂದರೆ ತೊಳೆದುಕೊ. ‘ಸ ಕುಶೇ’ ಮಲಗಿಕೊ, ‘ಸಸ್ವಾರ್’ ಕುಳಿತುಕೊ. ಕ್ರಿಯೆ ಮಾಡಿದವನ ಮೇಲೆಯೇ ಹಿಂತಿರುಗುವ ಭಾವಕ್ಕೆ ಕನ್ನಡದಲ್ಲಿ ‘ಕೊಳ್ಳು’ ಎಂಬ ಅಚ್ಚುಕಟ್ಟಾದ ಉಪಾಯವಿದೆ. ‘ಕುಳಿತುಕೊಳ್ಳುವುದರಲ್ಲಿ ತನಗೆ ತಾನು ಮಾಡಿಕೊಳ್ಳುವುದೇನಿದೆ’ ಎಂದು ಇಂಗ್ಲಿಷಿನ ಮೂಲಕ ಕಲಿತವರು ಬೆರಗಾಗುತ್ತಾರೆ. ದಿನಕ್ಕೆ ಹತ್ತು ಬಾರಿ ‘ಕೂತುಕೊಳ್ಳಿ’ ಎನ್ನುವ ನಮಗೆ ಬೆರಗು ಬೇಕಾಗಿಲ್ಲ. ಈ ಕ್ರಿಯೆಗಳೆಲ್ಲ ಭೂತಕಾಲದಲ್ಲಿ ‘ಎತ್ರ್’ ತೆಗೆದುಕೊಳ್ಳುತ್ತವೆ: ‘ಝ ಮ ಸ್ವೀ ಲವೇ’.

ಸರ್ವನಾಮಗಳು ವಾಕ್ಯದಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು ತಿಳಿಸಲು ನಾನು ಒಂದು ವಾಕ್ಯವನ್ನು ಹಲಗೆಯ ಮೇಲೆ ಬರೆಯುತ್ತೇನೆ: ‘ಝ ತ ಲ ದೊನ್’. ಅದರ ಕೆಳಗೆ ಪದಕ್ಕೆ ಪದ ಕನ್ನಡ: ‘ನಾನು ನಿನಗೆ ಅದನ್ನು ಕೊಡುತ್ತೇನೆ’. ಒಂದು ಪದವನ್ನೂ ಅತ್ತಿತ್ತ ಸರಿಸಬೇಕಾಗಿಲ್ಲ. ಕರ್ಮವು ನಾಮಪದವಾದಾಗ ಫ್ರೆಂಚ್ ಅದನ್ನು ಕ್ರಿಯಾಪದದ ನಂತರ ಇಡುತ್ತದೆ, ಸರ್ವನಾಮವಾದಾಗ ನಮ್ಮಂತೆ ಮೊದಲೇ ಇಡುತ್ತದೆ. ‘ಅವನನ್ನು’, ‘ಅವನಿಗೆ’ ಎಂಬ ಭೇದವೂ ಅಲ್ಲಿದೆ: ‘ಝ ಲ ವ್ವಾ’ ಅವನನ್ನು ನೋಡುತ್ತೇನೆ, ‘ಝ ಲ್ವೀ ತೆಲೆಫೋನ್’ ಅವನಿಗೆ ಫೋನ್ ಮಾಡುತ್ತೇನೆ. ವಿಭಕ್ತಿ ಬಲ್ಲವರು ಯಾವುದು ಯಾವಾಗ ಎಂದು ಕೇಳಬೇಕಾಗಿಯೇ ಇಲ್ಲ. ‘ಲ್ವೀ’ ಎಂಬುದು ಅವನಿಗೆ, ಅವಳಿಗೆ ಎರಡಕ್ಕೂ ಸಲ್ಲುತ್ತದೆ. ಅದರ ಜೊತೆ ಬಂದಾಗ ಕ್ರಮ ತಿರುಗಿ ‘ಝ ಲ ಲ್ವೀ ದೊನ್’, ಅಂದರೆ ‘ಅದನ್ನು ಅವನಿಗೆ’ ಎಂದಾಗುತ್ತದೆ. ‘ಈ’ ಎಂಬ ಒಂಟಿ ಅಕ್ಷರ ‘ಅಲ್ಲಿಗೆ’ ಅಥವಾ ‘ಅಲ್ಲಿ’, ‘ಆಂ’ ಎಂಬುದು ‘ಅಲ್ಲಿಂದ’ ಅಥವಾ ‘ಅದರಲ್ಲಿ’. ತೆಂಗಿನಕಾಯಿ ಎಷ್ಟಿದೆ ಎಂದು ಕೇಳಿದರೆ ನಾವು ‘ಮೂರಿದೆ’ ಎಂದು ಮುಗಿಸುತ್ತೇವೆ, ಅವರು ‘ಝಾಂನೇ ತ್ರ್ವಾ’, ಅಂದರೆ ‘ನನ್ನಲ್ಲಿ ಅದರಲ್ಲಿ ಮೂರು ಇದೆ’ ಎನ್ನಲೇಬೇಕು.

‘ಸ್ಯೂಬ್ಝಾಂಕ್ತಿಫ್’ ಎಂಬ ಕ್ರಿಯಾರೂಪದ ಹೆಸರು ಕೇಳಿಯೇ ಕಲಿಕೆ ಬಿಟ್ಟವರಿದ್ದಾರೆ. ಎರಡು ಕನ್ನಡ ವಾಕ್ಯಗಳನ್ನು ನೋಡಿ: ‘ಅವನು ಬರುತ್ತಾನೆ ಎಂದು ಗೊತ್ತಿದೆ’, ‘ಅವನು ಬರಲಿ ಎಂದು ಬಯಸುತ್ತೇನೆ’. ಮೊದಲನೆಯದು ಸಂಗತಿ, ಎರಡನೆಯದು ಬಯಕೆ. ಅದಕ್ಕಾಗಿ ‘ಬರುತ್ತಾನೆ’ ಹೋಗಿ ‘ಬರಲಿ’ ಬಂತು. ಫ್ರೆಂಚಿನಲ್ಲಿ ‘ಝ ಸೇ ಕೀಲ್ ವಿಯಾಂ’, ‘ಝ ವೋ ಕೀಲ್ ವಿಯೆನ್’. ‘ವೀವ್ ಲಾ ಫ್ರಾಂಸ್’ ಎಂಬ ಘೋಷದ ಮೊದಲ ಪದವೂ ಇದೇ ರೂಪ, ‘ಬಾಳಲಿ’. ಬಯಸುವವನೂ ಬರುವವನೂ ಒಬ್ಬನೇ ಆದರೆ ನಾವು ‘ಬರಲು ಬಯಸುತ್ತೇನೆ’ ಎನ್ನುತ್ತೇವೆ; ಅವರೂ ಆಗ ಈ ರೂಪ ಬಿಟ್ಟು ‘ಝ ವೋ ವನೀರ್’ ಎನ್ನುತ್ತಾರೆ. ಸಂಶಯ ಹೇಳುವಾಗ ದಾರಿ ಬೇರೆಯಾಗುತ್ತದೆ. ‘ಅವನು ಬರುತ್ತಾನೆಂದು ಅನಿಸುವುದಿಲ್ಲ’ ಎಂಬಲ್ಲಿ ನಮಗೆ ‘ಬರಲಿ’ ಒಗ್ಗುವುದಿಲ್ಲ, ಅವರಿಗೆ ‘ವಿಯೆನ್’ ಬೇಕು. ಶಾಲೆಯಲ್ಲಿ ಕಲಿತ ವಿಧ್ಯರ್ಥ, ಸಂಭಾವನಾರ್ಥಗಳಲ್ಲಿ ನಾವು ಹಂಚಿಟ್ಟದ್ದರ ಬಹುಭಾಗವನ್ನು ಅವರು ಒಂದೇ ರೂಪದಲ್ಲಿ ತುಂಬಿದ್ದಾರೆ ಎಂದುಕೊಂಡರೆ ಹಾದಿ ಕಾಣುತ್ತದೆ. ‘ಆಶಿಸು’ ಎಂಬರ್ಥದ ‘ಎಸ್ಪೆರೇ’ ಮಾತ್ರ ಬಯಕೆಯಾದರೂ ಸಂಗತಿಯ ರೂಪವನ್ನೇ ತೆಗೆದುಕೊಳ್ಳುತ್ತದೆ. ‘ಬಂದಾನು’ ಎಂಬ ಭರವಸೆ ಅದರಲ್ಲಿರುವುದೇ ಕಾರಣವೆಂದು ನಾನು ವಿವರಿಸುತ್ತೇನೆ.

ಕೊನೆಯದು, ಫ್ರೆಂಚಿನವರೇ ಬರೆಯುವಾಗ ತಪ್ಪುವ ವಿಷಯ. ‘ಪತ್ರ ಬರೆದೆ’ ಎನ್ನಲು ‘ಝೇ ಎಕ್ರೀ ಲಾ ಲೆತ್ರ್’. ‘ನಾನು ಬರೆದ ಪತ್ರ’ ಎನ್ನಲು ‘ಲಾ ಲೆತ್ರ್ ಕ ಝೇ ಎಕ್ರೀತ್’. ಅದೇ ಕ್ರಿಯೆಗೆ ಎರಡನೆಯ ಕಡೆ ಸ್ತ್ರೀಲಿಂಗದ ಗುರುತು ಏಕೆ ಬಂತು? ‘ಆವ್ವಾರ್’ ಜೊತೆಗಿನ ಕೃದಂತವು ಕರ್ತೃವನ್ನು ಅನುಸರಿಸುವುದಿಲ್ಲ. ಕರ್ಮಪದವು ಮೊದಲೇ ಬಂದಿದ್ದರೆ ಅದನ್ನು ಅನುಸರಿಸುತ್ತದೆ, ನಂತರ ಬಂದರೆ ಅನುಸರಿಸುವುದಿಲ್ಲ. ಮೊದಲನೆಯ ವಾಕ್ಯದಲ್ಲಿ ‘ಎಕ್ರೀ’ ಬರೆಯುವ ಹೊತ್ತಿಗೆ ಪತ್ರದ ಸುದ್ದಿಯೇ ಬಂದಿಲ್ಲ. ಎರಡನೆಯದರಲ್ಲಿ ‘ಲಾ ಲೆತ್ರ್’ ಆಗಲೇ ಕಣ್ಣೆದುರಿಗಿದೆ. ನಮ್ಮ ‘ಬರೆದ’ ಎಂಬ ಕೃದಂತ ಪತ್ರಕ್ಕೂ ಪತ್ರಗಳಿಗೂ ಕವಿಗೂ ಕವಯಿತ್ರಿಗೂ ಒಂದೇ ಆಗಿರುವುದರಿಂದ ಇಲ್ಲಿ ಕನ್ನಡದ ಆಸರೆ ಇಲ್ಲ. ಅನೇಕ ಕ್ರಿಯೆಗಳಲ್ಲಿ ಈ ಗುರುತು ಬರವಣಿಗೆಯಲ್ಲಿ ಮಾತ್ರ ಇರುತ್ತದೆ, ಕಿವಿಗೆ ಕೇಳುವುದಿಲ್ಲ. ಕೇಳುವಂಥವು ಕೆಲವು: ಎಕ್ರೀ, ಎಕ್ರೀತ್, ಪ್ರೀ, ಪ್ರೀಜ಼್, ಮೀ, ಮೀಜ಼್, ಫೇ, ಫೆತ್. ದಾದಿಯವರಿಗೆ ನಾನು ಮೊದಲು ಈ ನಾಲ್ಕು ಜೋಡಿಗಳನ್ನು ಬಾಯಿಪಾಠ ಮಾಡಿಸಿದೆ. ಇವು ನಾಲಿಗೆಯಲ್ಲಿ ನಿಂತ ಮೇಲೆ, ಕೇಳದ ಗುರುತುಗಳನ್ನು ಬರೆಯುವಾಗಲೂ ಅವರ ಕಣ್ಣು ಕ್ರಿಯಾಪದದಿಂದ ಹಿಂದಕ್ಕೆ ಹೋಗಿ ಕರ್ಮಪದವನ್ನು ಹುಡುಕತೊಡಗಿತು.